ವೇದಿಕೆ ಕೆಲಸಗಾರರದ್ದೇ ಆದರೆ ಕೆಲಸ ಗಟ್ಟಿಯಾದೀತೇ?

ಊಟ ತಲುಪಿಸುವ, ಆಟೊ, ಟ್ಯಾಕ್ಸಿ ಕರೆಸುವ ಆ್ಯಪ್ ವೇದಿಕೆಗಳು ಕಂಪನಿಗಳ ಬದಲು ಅವುಗಳಲ್ಲಿ ದುಡಿಯುವವರದೇ ಸಹಕಾರ ಸಂಘಗಳ ಕೈಯಲ್ಲಿದ್ದರೆ ಅವರ ಕೆಲಸಕ್ಕೆ ಭದ್ರತೆ ಬಂದೀತೇ? ಪರ, ವಿರೋಧದ ಎರಡು ವಾದಗಳು ಇಲ್ಲಿವೆ.

ಪರ: ಒಡೆತನ ಕೈಗೆ ಬರದೆ ಭದ್ರತೆ ಬಾರದು

ಬೆಂಗಳೂರಿನಲ್ಲಿ ಮನೆಮನೆಗೆ ಊಟ ತಲುಪಿಸುವ ಹುಡುಗರು ‘ಕೆಲಸದಿಂದ ತೆಗೆದರು’ ಎನ್ನುವುದು ಕಡಿಮೆ; ‘ಐಡಿ ಬ್ಲಾಕ್ ಆಯಿತು’ ಎನ್ನುತ್ತಾರೆ. ಹೋಟೆಲಿನ ಮುಂದೆ ಬೈಕು ನಿಲ್ಲಿಸಿ, ಹೆಲ್ಮೆಟ್ ಕೂಡ ತೆಗೆಯದೆ ಮೊಬೈಲ್ ನೋಡಿದರೆ ಲಾಗಿನ್ ಆಗುವುದಿಲ್ಲ. ಏಕೆಂದು ಕೇಳಲು ಎದುರಿಗೆ ಒಬ್ಬ ಮನುಷ್ಯನಿರುವುದಿಲ್ಲ, ಬೈಕಿನ ಸಾಲದ ಕಂತಿನ ದಿನ ಮಾತ್ರ ತಪ್ಪದೆ ಬರುತ್ತದೆ.

ಗಿಗ್ ಕಾರ್ಮಿಕರಿಗೆಂದು, ಅಂದರೆ ಹೀಗೆ ಆ್ಯಪ್ ಮೂಲಕ ಒಂದೊಂದೇ ಕೆಲಸ ಪಡೆದು ದುಡಿಯುವವರಿಗೆಂದು, ಕರ್ನಾಟಕವು 2025ರಲ್ಲಿ ತಂದ ಕಾಯ್ದೆಯ ಪ್ರಕಾರ, ಲಿಖಿತ ಕಾರಣ ನೀಡಿ 14 ದಿನ ಮುಂಚಿತವಾಗಿ ತಿಳಿಸದೆ ಯಾರನ್ನೂ ಹೀಗೆ ಕೈಬಿಡುವಂತಿಲ್ಲ. ಕಾರ್ಮಿಕರಿಗೆ ಪ್ರತಿ ವಹಿವಾಟಿನಲ್ಲಿ ಸಂದಾಯವಾಗುವ ಮೊತ್ತದ ಶೇ 1ರಿಂದ 5ರಷ್ಟನ್ನು ಕಲ್ಯಾಣ ಶುಲ್ಕವಾಗಿ ಕಂಪನಿಗಳಿಂದ ಪಡೆಯಲೂ ಅದು ಅವಕಾಶ ಕೊಟ್ಟಿದೆ. ಇದು ಹೋರಾಡಿ ಪಡೆದ ಕಾಯ್ದೆ, ಅದರ ಬೆಲೆಯನ್ನು ನಾನು ಕಡಿಮೆ ಮಾಡಲಾರೆ. ಆದರೂ ಕಿಲೋಮೀಟರಿಗೆ ಎಷ್ಟು, ಯಾವ ಆರ್ಡರ್ ಯಾರಿಗೆ ಎಂದು ತೀರ್ಮಾನಿಸುವ ಅಧಿಕಾರ ಕಂಪನಿಯ ಕೈಯಲ್ಲೇ ಉಳಿದಿದೆ.

ಕಾಯ್ದೆ ಬಂದಾಗ ಮಾಲೀಕರು ಏನು ಮಾಡಬಲ್ಲರು ಎಂಬುದಕ್ಕೆ ನಮ್ಮ ಕರಾವಳಿಗೆ ತಾಗಿದ ಚರಿತ್ರೆಯೊಂದಿದೆ. ಬೀಡಿ ಕಾರ್ಮಿಕರಿಗೆಂದು 1966ರಲ್ಲಿ ಆದ ಕಾಯ್ದೆಯನ್ನು ಕೇರಳ ಜಾರಿಗೊಳಿಸಲು ಹೊರಟಾಗ, ಮಂಗಳೂರು ಮೂಲದ ಬೀಡಿ ಮಾಲೀಕರು ಕಣ್ಣೂರಿನ ಕಡೆಯ ತಮ್ಮ ಶೆಡ್ಡುಗಳನ್ನು ಮುಚ್ಚಿಬಿಟ್ಟರು. ಕೆಲಸ ಕಳೆದುಕೊಂಡ ಸಾವಿರಾರು ಮಂದಿಯ ಪೈಕಿ ಹಲವರು 1969ರಲ್ಲಿ ಸರ್ಕಾರದ ನೆರವು ಪಡೆದು ಸಹಕಾರ ಸಂಘಗಳನ್ನು ಕಟ್ಟಿಕೊಂಡರು. ಹೀಗೆ ಹುಟ್ಟಿದ್ದು ಕೇರಳ ದಿನೇಶ್ ಬೀಡಿ. ಯಾವ ಸೌಲಭ್ಯ ಕೊಡಲಾಗದೆಂದು ಮಾಲೀಕರು ಬಾಗಿಲು ಹಾಕಿದ್ದರೋ, ಆ ಬೋನಸ್ಸು, ರಜೆ, ಭವಿಷ್ಯನಿಧಿಗಳನ್ನು ಅದೇ ಬೀಡಿ ಕಟ್ಟುವ ಕೈಗಳು ತಾವೇ ಗಳಿಸಿಕೊಂಡವು. ಆ್ಯಪಿನ ಕಾಲದಲ್ಲೂ ಈ ದಾರಿ ಮುಚ್ಚಿಲ್ಲ: ನ್ಯೂಯಾರ್ಕಿನ ಚಾಲಕರು 2021ರಲ್ಲಿ ತಮ್ಮದೇ ಸಹಕಾರಿ ಟ್ಯಾಕ್ಸಿ ಆ್ಯಪ್ ಆರಂಭಿಸಿದ್ದಾರೆ. ತನ್ನದೇ ಸಂಘದಲ್ಲಿ ಐಡಿ ಬ್ಲಾಕ್ ಆದವನು ಮಹಾಸಭೆಯಲ್ಲಿ ಎದ್ದು ನಿಂತು ಕಾರಣ ಕೇಳಬಹುದು, ಆಡಳಿತ ಮಂಡಳಿಯನ್ನೇ ಮುಂದಿನ ಚುನಾವಣೆಯಲ್ಲಿ ಇಳಿಸಬಹುದು.

ವಿರೋಧ: ಒಡೆಯನಾದ ಮಾತ್ರಕ್ಕೆ ಆರ್ಡರ್ ಬರುವುದಿಲ್ಲ

ದಿನೇಶ್ ಬೀಡಿಯ ಕಥೆಯನ್ನು ಪೂರ್ತಿ ಹೇಳಬೇಕು. ಒಂದು ಕಾಲಕ್ಕೆ 40,000 ದಾಟಿದ್ದ ಅದರ ಕೆಲಸಗಾರರ ಸಂಖ್ಯೆ, ಬೀಡಿ ಸೇದುವವರು ಕಡಿಮೆಯಾಗುತ್ತ ಬಂದಂತೆ ಕುಸಿಯಿತು. ಸಂಘ ಉಳಿಯಲು ಕೊಡೆ, ತಿನಿಸುಗಳ ತಯಾರಿಕೆಗೆ ಇಳಿಯಬೇಕಾಯಿತು. ಒಡೆತನವಿತ್ತು, ಮಾರುಕಟ್ಟೆ ಇರಲಿಲ್ಲ. ಜೊತೆಗೆ ಅಲ್ಲಿನವರು ಒಂದೇ ಶೆಡ್ಡಿನಲ್ಲಿ ದಿನವಿಡೀ ಪಕ್ಕಪಕ್ಕ ಕೂತು ದುಡಿದವರು, ಒಬ್ಬರ ಮನೆಯ ಕಷ್ಟ ಇನ್ನೊಬ್ಬರಿಗೆ ಗೊತ್ತಿತ್ತು. ಊರಿನಿಂದ ಬಂದು, ಬೇರೆ ಕೆಲಸ ಸಿಗುವವರೆಗೆ ನಾಲ್ಕು ತಿಂಗಳು ಬೈಕು ಓಡಿಸುವ ಹುಡುಗ ಯಾವ ಮಹಾಸಭೆಗೆ ಬಂದಾನು?

ಆ್ಯಪಿನ ವ್ಯಾಪಾರದ ಸ್ವಭಾವವೇ ಬೇರೆ. ಕರೆದ ಐದು ನಿಮಿಷದಲ್ಲಿ ಆಟೊ ಬರದಿದ್ದರೆ ಗ್ರಾಹಕ ಇನ್ನೊಂದು ಆ್ಯಪ್ ತೆರೆಯುತ್ತಾನೆ, ಗ್ರಾಹಕರು ಸಾಕಷ್ಟಿಲ್ಲದಿದ್ದರೆ ಚಾಲಕ ಲಾಗಿನ್ ಆಗುವುದಿಲ್ಲ. ಎರಡೂ ಕಡೆ ಜನ ಕೂಡುವವರೆಗೆ ನಷ್ಟ ನುಂಗುವ ಬಂಡವಾಳ ಬೇಕು, ಅದು ಚಾಲಕರ ಜೇಬಿನಲ್ಲಿಲ್ಲ. 2025ರಲ್ಲಿ ನೋಂದಣಿಯಾದ ಭಾರತ್ ಟ್ಯಾಕ್ಸಿ ಸಹಕಾರ ಸಂಘದ ಬೆನ್ನಿಗೆ ಅಮುಲ್, ಇಫ್ಕೊದಂಥ ದೈತ್ಯ ಸಹಕಾರ ಸಂಸ್ಥೆಗಳು ನಿಂತಿರುವುದು ಈ ಕಾರಣಕ್ಕೇ. ಹಣ ಹಾಕಿದವರ ಮಾತು ನಡೆಯುತ್ತದೋ ಸ್ಟಿಯರಿಂಗ್ ಹಿಡಿದವರದೋ ಎಂಬ ಪ್ರಶ್ನೆ ಅಲ್ಲಿಯೂ ಏಳದೆ ಇರದು.

ಇದಕ್ಕಿಂತ ನನ್ನನ್ನು ಕಾಡುವುದು ನಷ್ಟದ ಲೆಕ್ಕ. ಕಂಪನಿ ಮುಳುಗಿದರೆ ಕಾರ್ಮಿಕ ಕೆಲಸ ಕಳೆದುಕೊಳ್ಳುತ್ತಾನೆ. ಸಂಘ ಮುಳುಗಿದರೆ ಕೆಲಸದೊಂದಿಗೆ ಷೇರಿಗೆ ಹಾಕಿದ ಹಣವನ್ನೂ ಕಳೆದುಕೊಳ್ಳುತ್ತಾನೆ. ಕಲ್ಯಾಣ ಶುಲ್ಕವನ್ನು ಸಂಘವೇ ಕಟ್ಟಬೇಕಾಗಿ ಬಂದರೆ, ಅದು ಸದಸ್ಯರು ತಮ್ಮ ಒಂದು ಜೇಬಿನಿಂದ ತೆಗೆದು ಇನ್ನೊಂದಕ್ಕೆ ಹಾಕಿದಂತೆ.

ಕಮಿಷನ್ನಿನ ಭಾರ ಇಳಿಸಲು ಒಡೆತನವೇ ಬೇಕೆಂದೂ ಇಲ್ಲ. ‘ನಮ್ಮ ಯಾತ್ರಿ’ ಎಂಬ ಆ್ಯಪ್ ಬೆಂಗಳೂರಿನ ಆಟೊ ಚಾಲಕರಿಂದ ಪ್ರತಿ ಬಾಡಿಗೆಯ ಪಾಲಿನ ಬದಲು ದಿನಕ್ಕೆ 25 ರೂಪಾಯಿ ಶುಲ್ಕ ಪಡೆಯುವ ಪದ್ಧತಿ ತಂದಿತು. ಆ ಆ್ಯಪಿನ ಮಾಲೀಕರು ಚಾಲಕರಲ್ಲ, ಅದನ್ನು ಕಟ್ಟುವ ಖರ್ಚಿನ ಹೊರೆಯೂ ಅವರ ಮೇಲೆ ಬೀಳಲಿಲ್ಲ. ಸಂಘಟನೆಗಳು ತಮ್ಮ ಶಕ್ತಿಯನ್ನು ಆ್ಯಪ್ ಕಟ್ಟುವುದಕ್ಕಿಂತ ಹೊಸ ಕಾಯ್ದೆಯ ಕಲ್ಯಾಣ ಮಂಡಳಿಯಲ್ಲಿ ಸುರಿಯಲಿ: 14 ದಿನಗಳ ನಿಯಮ ಮುರಿದ ಪ್ರತಿ ಪ್ರಕರಣವನ್ನೂ ಅದರ ಮುಂದಿಡಲಿ, ಕಿಲೋಮೀಟರಿನ ಕನಿಷ್ಠ ದರವೂ ಅಲ್ಲೇ ಚರ್ಚೆಯಾಗಲೆಂದು ಪಟ್ಟು ಹಿಡಿಯಲಿ.