ಮೂಗಿನ ಮುಂದೆ ಅಂಬಾರಿ

ಜಂಬೂಸವಾರಿ ದಿನ ಪ್ರಥಮ ಚಿಕಿತ್ಸೆ ತಂಡಕ್ಕೆ ಸ್ವಯಂಸೇವಕನಾಗಿ ಸೇರಿದ್ದಕ್ಕೆ ನನಗಿದ್ದ ಕಾರಣ ಒಂದೇ, ಪಾಸಿಲ್ಲದೆ ಮುಂದಿನ ಸಾಲಲ್ಲಿ ನಿಂತು ಅಂಬಾರಿ ನೋಡಬಹುದು. ಸೇವೆ ಗೀವೆ ಎಲ್ಲ ಆಮೇಲಿನ ಮಾತು. ಮೈಸೂರಲ್ಲೇ ಹುಟ್ಟಿ ಬೆಳೆದರೂ ಅಷ್ಟು ವರ್ಷ ಯಾರದ್ದೋ ಹೆಗಲ ಮೇಲೆ ಕೂತ ಮಗುವಿನ ಬೆನ್ನು ನೋಡಿಯೇ ದಸರಾ ಮುಗಿಸಿದ್ದೆ.

ಡ್ಯೂಟಿ ಬಿದ್ದಿದ್ದು ಸಯ್ಯಾಜಿರಾವ್ ರಸ್ತೆಯಲ್ಲಿ. ಆನೆ ಬರುವುದು ಸಂಜೆ, ಜನ ಬೆಳಿಗ್ಗೆಯೇ ಟವೆಲ್ ಹಾಸಿ ಜಾಗ ಹಿಡಿದಿದ್ದರು. ಮರದ ಕೆಳಗೆ ಒಬ್ಬ ಯಜಮಾನರು ಕಣ್ಣು ಮುಚ್ಚಿ ಬಿದ್ದಿದ್ದರು. ನನ್ನ ಮೊದಲ ಕೇಸು! ತರಬೇತಿಯಲ್ಲಿ ಹೇಳಿಕೊಟ್ಟ ಹಾಗೆ ಮಂಡಿಯೂರಿ, ಎರಡೂ ಭುಜ ತಟ್ಟಿ, ಕಿವಿ ಹತ್ತಿರ "ಯಜಮಾನ್ರೇ, ಕೇಳಿಸ್ತಿದ್ಯಾ?" ಅಂತ ಕೂಗಿದೆ. ದಡಕ್ಕನೆ ಎದ್ದು ಕೂತರು.

"ಆನೆ ಬಂತಾ?"

"ಇಲ್ಲ."

"ಮತ್ಯಾಕಯ್ಯ ಎಬ್ಬಿಸ್ದೆ? ಬಂದಾಗ ಎಬ್ಬಿಸು" ಅಂತ ಮಗ್ಗುಲು ಬದಲಿಸಿದರು.

ಆಮೇಲೆ ಮಧ್ಯಾಹ್ನದವರೆಗೆ ನನ್ನನ್ನು ಕೇಳಿದ್ದು ಟಾಯ್ಲೆಟ್ ಎಲ್ಲಿ, ಪಿನ್ನಿದೆಯಾ, ಫೋನ್ ಚಾರ್ಜ್ ಆಗುತ್ತಾ, ಇಷ್ಟೇ. ತಿಂಗಳುಗಟ್ಟಲೆ ಕಟ್ಟಿ ಬಿಚ್ಚಿ ಕಲಿತ ತ್ರಿಕೋನ ಬ್ಯಾಂಡೇಜು ಕೊನೆಗೆ ಉಪಯೋಗಕ್ಕೆ ಬಂದಿದ್ದು ಒಬ್ಬ ಅಜ್ಜಿಯ ಕಿತ್ತುಹೋದ ಚಪ್ಪಲಿಗೆ. ಗಂಟು ಮಾತ್ರ ಚೆನ್ನಾಗಿ ಬಂದಿತ್ತು ನೋಡಿ.

ಬಿಸಿಲಲ್ಲಿ ಅಲುಗಾಡದೆ ನಿಂತಿದ್ದ ಒಬ್ಬ ಹುಡುಗಿ ತಲೆ ಸುತ್ತಿ ಬಿದ್ದಳು. ಹೀಗೆ ನಿಂತರೆ ರಕ್ತ ಕಾಲಲ್ಲೇ ಉಳಿಯುತ್ತದೆ, ಅದಕ್ಕೇ ಮಲಗಿಸಿ ಕಾಲೆತ್ತಿ ಹಿಡಿದೆವು, ಎರಡು ನಿಮಿಷಕ್ಕೆ ಸರಿಹೋದಳು. ಅಷ್ಟರಲ್ಲಿ ಅವಳ ಕೈಗೆ ಬೀಗದ ಕೈ ಕೊಡಲು ಐದಾರು ಜನ ನುಗ್ಗಿದ್ದರು. ಫಿಟ್ಸ್ ಬಂದರೂ ಕಬ್ಬಿಣ ಹಿಡಿಸುವುದರಿಂದ ಏನೂ ಪ್ರಯೋಜನವಿಲ್ಲ, ಆದರೆ ನಮ್ಮವರ ಜೇಬಿಂದ ಕೀ ಬಂಚು ಈಚೆಗೆ ಬರುವ ಸ್ಪೀಡಿಗೆ ಯಾವ ಆಂಬುಲೆನ್ಸೂ ಸಾಟಿಯಿಲ್ಲ.

ಅರಮನೆ ಕಡೆಯಿಂದ ಕುಶಾಲತೋಪು ಕೇಳಿಸಿತು. 21 ಸಲ. ನಾನು ಶರ್ಟು ಸರಿಮಾಡಿಕೊಂಡು ಹಗ್ಗದ ಹತ್ತಿರ ಹೋಗಿ ನಿಂತೆ. ಇನ್ನೇನು ಆನೆ ತಿರುವಲ್ಲಿ ಕಾಣಿಸಬೇಕು, ಹಿಂದಿನಿಂದ ಒಬ್ಬ ತಾಯಿ "ಸಾರ್, ಮಗು ಮೂಗಲ್ಲಿ ರಕ್ತ" ಅಂದರು.

ಏಳೆಂಟು ವರ್ಷದ ಹುಡುಗ. ಮೂಗಿನ ಮೆತ್ತಗಿನ ಭಾಗ ಒತ್ತಿ ಹಿಡಿದು ಮುಂದಕ್ಕೆ ಬಗ್ಗಿಸಿದೆ. ತಲೆ ಹಿಂದಕ್ಕೆ ಹಾಕಿದರೆ ರಕ್ತ ಗಂಟಲಿಗಿಳಿದು ವಾಂತಿಯಾಗುತ್ತದೆ, ಹತ್ತು ನಿಮಿಷ ಬಿಡದೆ ಹಿಡಿಯಬೇಕು. ಸರಿ, ಹಿಡಿದೆ. ಆಗಲೇ ಸುತ್ತಲಿದ್ದವರೆಲ್ಲ "ತಲೆ ಮೇಲಕ್ಕೆತ್ತು, ತಲೆ ಮೇಲಕ್ಕೆತ್ತು" ಅಂತ ಶುರು ಮಾಡಿದರು. ಅರ್ಧ ಜನ ಮೂಗಿಗಾಗಿ ಹೇಳುತ್ತಿದ್ದರು, ಇನ್ನರ್ಧ ಅಂಬಾರಿಗಾಗಿ. ಹುಡುಗ ಎತ್ತಲು ನೋಡುತ್ತಾನೆ, ನಾನು ಬಗ್ಗಿಸುತ್ತೇನೆ. ಗಡಿಯಾರ ನೋಡಬೇಕಾಗಿದ್ದರಿಂದ ನನ್ನ ತಲೆಯೂ ಕೆಳಗೇ. 750 ಕೆಜಿ ತೂಕದ ಚಿನ್ನದ ಅಂಬಾರಿ, ಅದರಲ್ಲಿ ತಾಯಿ ಚಾಮುಂಡೇಶ್ವರಿ, ನಮ್ಮಿಬ್ಬರ ನೆತ್ತಿ ಪಕ್ಕದಲ್ಲೇ ಹೋಯಿತು. ಜನರ ಕಾಲುಗಳ ಸಂದಿಯಲ್ಲಿ ನಾಲ್ಕು ದೊಡ್ಡ ಪಾದ ಕಂಡವು. ಉಗುರು ಕೂಡ ಕಂಡಿತು.

ರಕ್ತ ನಿಂತಿತು. ಹುಡುಗ ತಲೆಯೆತ್ತಿ ಖಾಲಿ ರಸ್ತೆ ನೋಡಿ ಅಳುವುದಕ್ಕೆ ಶುರುಮಾಡಿದ, ಅವನಮ್ಮ ನನ್ನ ಕಡೆ ಒಂದು ನೋಟ ಬಿಟ್ಟರು. ಥ್ಯಾಂಕ್ಸ್ ಅಂತೂ ಅಲ್ಲ ಅದು.

ಡಬ್ಬ ಎತ್ತಿಕೊಂಡು ಹೊರಟೆ. ಮರದ ಕೆಳಗಿಂದ ಆಕಳಿಕೆ ಕೇಳಿಸಿತು.

"ಏನಯ್ಯ, ಆನೆ ಬಂತಾ?"