ಸ್ಕ್ಯಾನರ್‌ಗೆ ಉತ್ತರ ಬರಲಿಲ್ಲ ಅಂದ ತಕ್ಷಣ ಇಸಿಎಂ ಹೋಯ್ತು ಅಂತಲ್ಲ

ಇದು ನಮ್ಮ ಕಸುಬಿನವರಿಗೆ ಸ್ವಲ್ಪ ಕಹಿ ಅನಿಸಬಹುದು, ಆದರೂ ಬರೆಯುತ್ತೇನೆ. ಇಸಿಎಂ ಅಂದರೆ ಇಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್. "ಇಸಿಎಂ ಹೋಗಿದೆ ಸಾರ್, ಹೊಸದೇ ಹಾಕ್ಬೇಕು" ಅನ್ನುವ ಮಾತು ಬಹಳ ಸಲ ಬರುವುದು ಪರೀಕ್ಷೆ ಮುಗಿದ ಮೇಲಲ್ಲ, ಶುರುವಾಗುವ ಮೊದಲೇ. ಗಾಡಿಯ ಕಂಪ್ಯೂಟರ್ ಜೊತೆ ಮಾತಾಡುವ ಸ್ಕ್ಯಾನರ್ ಚುಚ್ಚಿದರು, 'ಕಮ್ಯುನಿಕೇಷನ್ ಎರರ್' ಅಂತ ಬಂತು, ಅಲ್ಲಿಗೆ ತೀರ್ಪು ಆಯ್ತು. ಗಾಡಿಯವರು ಪಾಪ ಸಾಲ ಮಾಡಿ ದುಡ್ಡು ಹೊಂದಿಸುತ್ತಾರೆ.

ಸ್ಕ್ಯಾನರ್ ಹೇಳಿದ್ದು ಇಷ್ಟೇ: ನಾನು ಕರೆದೆ, ಆ ಕಡೆಯಿಂದ ಉತ್ತರ ಇಲ್ಲ. ಯಾಕೆ ಇಲ್ಲ ಅನ್ನುವುದನ್ನು ಹುಡುಕುವುದು ನಮ್ಮ ಕೆಲಸ ಅಲ್ವಾ?

ಮೊದಲ ಪ್ರಶ್ನೆ ನಗು ಬರುವಷ್ಟು ಸುಲಭ. ಸ್ಕ್ಯಾನರ್‌ಗೇ ಕರೆಂಟ್ ಬರ್ತಿದೆಯಾ? ಸ್ಕ್ಯಾನರ್ ಚುಚ್ಚುವ ಓಬಿಡಿ ಪೋರ್ಟ್‌ನ 16ನೇ ಪಿನ್ನಿನಲ್ಲಿ ಬ್ಯಾಟರಿ ಪ್ಲಸ್, 4 ಮತ್ತು 5ರಲ್ಲಿ ಅರ್ಥ್ ಇರಬೇಕು. ಎಷ್ಟೋ ಗಾಡಿಗಳಲ್ಲಿ ಈ ಪೋರ್ಟ್‌ಗೂ ಸಿಗರೇಟ್ ಲೈಟರ್‌ಗೂ ಒಂದೇ ಫ್ಯೂಸ್. ರಸ್ತೆ ಬದಿಯಲ್ಲಿ ಕೊಂಡ ಅಗ್ಗದ ಚಾರ್ಜರ್ ಒಳಗೆ ಶಾರ್ಟ್ ಆದರೆ ಫ್ಯೂಸ್ ಹೋಗುತ್ತದೆ, ಪೋರ್ಟೂ ಸತ್ತುಹೋಗುತ್ತದೆ. ಐದೋ ಹತ್ತೋ ರೂಪಾಯಿ ಫ್ಯೂಸಿನ ಕೆಲಸ.

ಎರಡನೆಯದು, ಬೇರೆ ಮಾಡ್ಯೂಲ್‌ಗಳು, ಅಂದರೆ ಗಾಡಿಯ ಉಳಿದ ಕಂಪ್ಯೂಟರ್‌ಗಳು, ಮಾತಾಡ್ತಿವೆಯಾ? ಬ್ರೇಕಿನ ಎಬಿಎಸ್, ಏರ್‌ಬ್ಯಾಗ್ ಉತ್ತರ ಕೊಟ್ಟು, ಅವುಗಳಲ್ಲಿ ಯು0100 ಕೋಡ್ ಕೂತಿದ್ದರೆ "ಇಂಜಿನ್ ಇಸಿಎಂ ನಮಗೂ ಸಿಕ್ತಿಲ್ಲ" ಅಂತ ಅವೂ ದೂರುತ್ತಿವೆ ಎಂದರ್ಥ. ಆಗ ಇಸಿಎಂಗೆ ಬರುವ ಪವರ್, ಅರ್ಥ್, ಅಲ್ಲಿಗೆ ಹೋಗುವ ವೈರು ನೋಡಬೇಕು. ಯಾವುದೂ ಮಾತಾಡದಿದ್ದರೆ ಇವೆಲ್ಲ ಒಂದಕ್ಕೊಂದು ಮಾತಾಡುವ ವೈರು, ಅಂದರೆ ಕ್ಯಾನ್ ಲೈನ್ ಮೇಲೇ ಅನುಮಾನ.

ಈ ಕ್ಯಾನ್ ಅನ್ನುವುದು ನಮ್ಮ ಬೆಂಗಳೂರಿನ ಆಡುಗೋಡಿಯಲ್ಲಿ ಮೈಕೋ ಅಂತ ಹೆಸರಾಗಿದ್ದ ಕಂಪನಿಯ ಮೂಲ ಕಂಪನಿ, ಜರ್ಮನಿಯ ಬಾಷ್, 1986ರಲ್ಲಿ ಹೊರತಂದ ಪದ್ಧತಿ. ಎರಡು ವೈರು, ಎರಡು ತುದಿಗೆ 120 ಓಮ್‌ನ ಒಂದೊಂದು ರೆಸಿಸ್ಟರ್. ಬ್ಯಾಟರಿ ಬಿಚ್ಚಿ, ಸ್ವಲ್ಪ ಹೊತ್ತು ಬಿಟ್ಟು, 6 ಮತ್ತು 14ನೇ ಪಿನ್ ನಡುವೆ ಅಳೆದರೆ ಸುಮಾರು 60 ಓಮ್ ಸಿಗಬೇಕು (ಎರಡು ರೆಸಿಸ್ಟರ್ ಪಕ್ಕಪಕ್ಕ ಸೇರಿದಾಗ ಅರ್ಧವಾಗುತ್ತದೆ). 120 ಬಂದರೆ ಒಂದು ತುದಿ ಎಲ್ಲೋ ಕಡಿದಿದೆ. ಸೊನ್ನೆ ಹತ್ತಿರ ಬಂದರೆ ಎರಡೂ ವೈರು ಒಂದಕ್ಕೊಂದು ತಾಗಿವೆ. ಪೋರ್ಟಿಗೂ ಒಳಗಿನ ವೈರುಗಳಿಗೂ ನಡುವೆ ಗೇಟ್‌ವೇ ಅನ್ನುವ ಇನ್ನೊಂದು ಮಾಡ್ಯೂಲ್ ಇರುವ ಹೊಸ ಗಾಡಿಗಳಲ್ಲಿ ಪೋರ್ಟಿನಲ್ಲಿ ಅಳೆದ ಲೆಕ್ಕ ಇಸಿಎಂ ಕಡೆಯ ವೈರಿಗೆ ಅನ್ವಯಿಸುವುದಿಲ್ಲ, ಆ ಗಾಡಿಯ ವೈರಿಂಗ್ ಡಯಾಗ್ರಾಂ ಬೇಕೇ ಬೇಕು. ಡಯಾಗ್ರಾಂ ಇಲ್ಲದೆ ಕೈಹಾಕುವ ಧೈರ್ಯವಂತರನ್ನು ಕಂಡರೆ ನನಗೆ ಭಯ.

ಜಾಸ್ತಿ ಜನ ಎಡವುವುದು ಪವರ್ ಮತ್ತು ಅರ್ಥ್ ನೋಡುವಾಗ. ಇಸಿಎಂ ಕಪ್ಲರ್ (ವೈರುಗಳ ಪ್ಲಗ್) ಬಿಚ್ಚುತ್ತಾರೆ, ಮಲ್ಟಿಮೀಟರ್ ಇಡುತ್ತಾರೆ, 12 ವೋಲ್ಟ್ ಕಾಣುತ್ತದೆ, "ಸಪ್ಲೈ ಓಕೆ" ಅಂತಾರೆ. ವೈರಿನ ಒಳಗೆ ಒಂದೇ ಒಂದು ಎಳೆ ಉಳಿದಿದ್ದರೂ ಮೀಟರ್ 12 ತೋರಿಸುತ್ತದೆ. ಮೀಟರ್ ಕರೆಂಟ್ ಎಳೆಯುವುದೇ ಇಲ್ಲವಲ್ಲ. ನಲ್ಲಿ ಮುಚ್ಚಿದ್ದಾಗ ಕಟ್ಟಿಕೊಂಡ ಪೈಪಿನಲ್ಲೂ ಒತ್ತಡ ಇರುತ್ತದೆ, ತಿರುಗಿಸಿದಾಗಲೇ ನೀರು ಎಷ್ಟು ಅಂತ ಗೊತ್ತಾಗೋದು. ಅದಕ್ಕೇ ಅಲ್ಲಿ 21 ವಾಟ್‌ನ ಇಂಡಿಕೇಟರ್ ಬಲ್ಬ್ ಹಚ್ಚಿ ನೋಡಬೇಕು. ಪೂರ್ತಿ ಬೆಳಕು ಬಂದರೆ ಸರಿ. ಕೆಂಪಗೆ ಮಿಣಕ್ ಅಂದರೆ ನಿಮ್ಮ ಕಳ್ಳ ಸಿಕ್ಕ. ಅರ್ಥ್ ಕೂಡ ಅಷ್ಟೇ. ಕಪ್ಲರ್ ಹಾಕಿಯೇ ಇರಲಿ, ಸೆಲ್ಫ್ ಹೊಡೆಯುವಾಗ ಇಸಿಎಂ ಅರ್ಥ್ ಪಿನ್ನಿಗೂ ಬ್ಯಾಟರಿ ಮೈನಸ್‌ಗೂ ನಡುವೆ ಅಳೆಯಿರಿ. 0.1 ವೋಲ್ಟ್ ಆಸುಪಾಸು ಇದ್ದರೆ ಚಿಂತೆಯಿಲ್ಲ. ಅರ್ಧ ವೋಲ್ಟ್ ಇದ್ದರೆ ಬೋಲ್ಟ್ ಬಿಚ್ಚಿ, ತುಕ್ಕು ಕೆರೆದು ಮತ್ತೆ ಬಿಗಿಯಿರಿ.

ಇನ್ನೊಂದು 5 ವೋಲ್ಟ್ ಕತೆ. ಇಸಿಎಂ ತನ್ನ ಸೆನ್ಸರ್‌ಗಳಿಗೆ 5 ವೋಲ್ಟ್ ಹಂಚುತ್ತದೆ. ಯಾವುದೋ ಒಂದು ಸೆನ್ಸರ್ ಒಳಗೇ ಶಾರ್ಟ್ ಆಗಿ ಆ ಲೈನ್ ಕೆಳಗೆ ಬಿದ್ದರೆ, ಕೆಲವು ಗಾಡಿಗಳಲ್ಲಿ ಇಸಿಎಂ ಪೂರ್ತಿ ಮೂಕವಾಗುತ್ತದೆ. ನಮ್ಮಲ್ಲಿಗೆ ಒಂದು ಗಾಡಿ ಹೊಸ ಇಸಿಎಂ ಕೊಟೇಶನ್ ಸಮೇತ ಟೋ ಆಗಿ ಬಂತು. 5 ವೋಲ್ಟ್ ಲೈನಿನಲ್ಲಿ ಹೆಚ್ಚುಕಡಿಮೆ ಸೊನ್ನೆ. ಸೆನ್ಸರ್‌ಗಳ ಕಪ್ಲರ್ ಒಂದೊಂದಾಗಿ ಬಿಚ್ಚುತ್ತಾ ಹೋದೆವು. ಎಸಿ ಗ್ಯಾಸ್ ಪ್ರೆಶರ್ ಸೆನ್ಸರ್ ಬಿಚ್ಚಿದ್ದೇ ತಡ, ಸ್ಕ್ಯಾನರ್‌ನಲ್ಲಿ ಇಂಜಿನ್ ಇಸಿಎಂ ಬಂದು ಕೂತಿತು. ಎಸಿ ಸೆನ್ಸರ್‌ಗೂ ಗಾಡಿ ಸ್ಟಾರ್ಟ್ ಆಗದಿದ್ದಕ್ಕೂ ಏನು ಸಂಬಂಧ ಅಂತ ಗಾಡಿಯವರು ಕೇಳಿದ್ದು ನ್ಯಾಯವೇ.

ಇಸಿಎಂ ಕೆಡುವುದೇ ಇಲ್ಲ ಅಂತ ನಾನು ಹೇಳ್ತಿಲ್ಲ. ನೀರು ಒಳಗೆ ಹೋದರೆ, ಜಂಪ್ ಕೇಬಲ್ ಉಲ್ಟಾ ಹಾಕಿದರೆ, ಬ್ಯಾಟರಿ ಬಿಚ್ಚದೆ ವೆಲ್ಡಿಂಗ್ ಮಾಡಿದರೆ ಕೆಡುತ್ತದೆ. ಮಲೆನಾಡಿನಲ್ಲಿ ಮಳೆಗಾಲ ಬಂತೆಂದರೆ ಇಲಿಗಳು ಬೇರೆ. ಅವು ತಿನ್ನೋದು ವೈರನ್ನು, ಇಸಿಎಂ ಬೋರ್ಡನ್ನಲ್ಲ, ಆದರೂ ಬಿಲ್ಲು ಬೋರ್ಡಿನ ಹೆಸರಿಗೇ ಬರುತ್ತದೆ! ನಿಜವಾಗಿ ಸುಟ್ಟಿದ್ದರೂ ಯಾಕೆ ಸುಟ್ಟಿತು ಅಂತ ಗೊತ್ತಾಗಬೇಕು. ಶಾರ್ಟ್ ಆದ ಇಗ್ನಿಷನ್ ಕಾಯಿಲ್ ಹಾಗೇ ಬಿಟ್ಟು ಹೊಸ ಇಸಿಎಂ ಹಾಕಿದರೆ ಅದನ್ನೂ ಸುಡುತ್ತದೆ. ಸೆಕೆಂಡ್ ಹ್ಯಾಂಡ್ ತಂದರಂತೂ ಕಳ್ಳತನ ತಡೆಯುವ ಇಮೊಬಿಲೈಸರ್ ಕೋಡ್ ಹೊಂದದೆ ಗಾಡಿ ಅಲ್ಲೇ ನಿಂತಿರುತ್ತದೆ.

ತಪ್ಪೆಲ್ಲ ಮೆಕ್ಯಾನಿಕ್‌ಗಳದ್ದೇ ಅಂತ ಮುಗಿಸಲು ನನಗೆ ಮನಸ್ಸಿಲ್ಲ. ದೊಡ್ಡ ಪಾರ್ಟ್‌ಗೆ ಹತ್ತಾರು ಸಾವಿರ ಕೊಡುವವರು, ಅರ್ಧ ದಿನ ಡಯಾಗ್ರಾಂ ಹಿಡಿದು ವೈರು ಹುಡುಕಿದ್ದಕ್ಕೆ ಸಾವಿರ ರೂಪಾಯಿ ಕೇಳಿದರೆ "ಸುಮ್ನೆ ನೋಡಿದ್ದಕ್ಕೆಲ್ಲ ದುಡ್ಡಾ?" ಅಂತಾರೆ. ಪಾರ್ಟ್ ಬದಲಾಯಿಸಿದರೆ ಮಾತ್ರ ದುಡ್ಡು ಅಂತಾದರೆ ಪಾರ್ಟೇ ಬದಲಾಗುತ್ತದೆ, ಇನ್ನೇನು? 2020ರ ಏಪ್ರಿಲ್‌ನಲ್ಲಿ ಹೊಗೆ ನಿಯಮ ಬಿಎಸ್-6 ಬಂದ ಮೇಲಂತೂ ಸ್ಕೂಟರ್‌ನಲ್ಲೂ ಇಸಿಯು (ಇಂಥದ್ದೇ ಇಂಜಿನ್ ಕಂಪ್ಯೂಟರ್) ಇದೆ. ನಾಳೆ ಈ ಕೊಟೇಶನ್ ನಿಮ್ಮ ಕೈಗೂ ಬರಬಹುದು. ಬಂದರೆ ಜಗಳ ಬೇಡ. ಲೋಡ್ ಹಾಕಿ (ಅಂದರೆ ಬಲ್ಬ್ ಹಚ್ಚಿ) ಪವರ್ ನೋಡಿದ್ರಾ, ಅರ್ಥ್ ಎಷ್ಟು ಬಂತು, 5 ವೋಲ್ಟ್ ಇದೆಯಾ, ಕ್ಯಾನ್ ಎಷ್ಟು ಓಮ್ ಅಂತ ಕೇಳಿ, ಆ ನಂಬರ್‌ಗಳನ್ನು ಕೊಟೇಶನ್ ಹಿಂದೆಯೇ ಬರೆಸಿಕೊಳ್ಳಿ. ಬರೆದುಕೊಟ್ಟವರಿಗೆ ಪರೀಕ್ಷೆಯ ದುಡ್ಡನ್ನು ಚೌಕಾಸಿ ಮಾಡದೆ ಕೊಡಿ.