ಚರ್ಮವಾದ್ಯವಿಲ್ಲದ ಗುದ್ದು

ಟ್ಯಾಂಗೋ ಎಂದೊಡನೆ ಬಾಯಲ್ಲಿ ಗುಲಾಬಿ ಕಚ್ಚಿದ ನರ್ತಕರನ್ನಷ್ಟೇ ನೆನೆಯುವವರು, ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನ ಪಿಯಾನೋ ವಾದಕ ಒಸ್ವಾಲ್ಡೊ ಪುಗ್ಲಿಯೆಸೆ ತಮ್ಮ ವಾದ್ಯವೃಂದದೊಡನೆ 1946ರಲ್ಲಿ ಧ್ವನಿಮುದ್ರಿಸಿದ ‘ಲಾ ಯುಂಬಾ’ ಎಂಬ ಟ್ಯಾಂಗೋ ಕೃತಿಯನ್ನು ಒಮ್ಮೆ ಕಣ್ಣು ಮುಚ್ಚಿ ಕೇಳಬೇಕೆಂದು ನನ್ನ ಕೋರಿಕೆ. ಇದರಲ್ಲಿ ಗಾಯನವಿಲ್ಲ. ಇರುವುದು ನಿಮಿಷಕ್ಕೆ 78 ಸುತ್ತು ತಿರುಗುವ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುವಷ್ಟು, ಅಂದರೆ ಸುಮಾರು ಮೂರು ನಿಮಿಷದ ವಾದನ ಮಾತ್ರ.

ಕೃತಿಯ ಹೆಸರೇ ಅದರ ಲಯ. ನಮ್ಮ ಮೃದಂಗದವರು ಸೊಲ್ಲು ಹೇಳುವಂತೆ, ನಾಲ್ಕು ಎಣಿಕೆಯ ಒಂದು ಮತ್ತು ಮೂರರ ಮೇಲೆ ‘ಯುಂ’ ಎಂದು ಇಡೀ ವೃಂದ ಎರಗುತ್ತದೆ. ಎರಡು ಮತ್ತು ನಾಲ್ಕರಲ್ಲಿ ಪಿಯಾನೋದ ಮಂದ್ರ ಸ್ವರಗಳು ‘ಬಾ’ ಎಂದು ಗುದ್ದುತ್ತವೆ. ವಿಸ್ಮಯವೆಂದರೆ ಈ ವೃಂದದಲ್ಲಿ ಒಂದೂ ಚರ್ಮವಾದ್ಯವಿಲ್ಲ. ಪಿಟೀಲಿನವರು ಮತ್ತು ಬ್ಯಾಂಡೋನಿಯನ್ ಎಂಬ ತಿದಿವಾದ್ಯ ನುಡಿಸುವವರು ಪೆಟ್ಟು ಬೀಳುವುದಕ್ಕೆ ತುಸು ಮೊದಲೇ ಸ್ವರವನ್ನು ಕೆಳಗಿನಿಂದ ಎಳೆದು ತರುತ್ತಾರೆ. ಸ್ಪ್ಯಾನಿಷ್‌ನಲ್ಲಿ ಇದಕ್ಕೆ ‘ಅರ್ರಾಸ್ತ್ರೆ’, ಎಳೆತ, ಎಂದೇ ಹೆಸರು. ತುಂಬಿದ ಗಾಡಿಯನ್ನು ದಿಬ್ಬ ಹತ್ತಿಸುವ ಎತ್ತುಗಳು ಹೆಜ್ಜೆ ಊರುವ ಮುನ್ನ ಮೈ ಬಿಗಿಹಿಡಿಯುವುದನ್ನು ಕಂಡವರಿಗೆ ಈ ಎಳೆತದ ಭಾರ ಥಟ್ಟನೆ ತಿಳಿಯುತ್ತದೆ. ಈ ಸಂಗೀತದ ಶಕ್ತಿ ಪೆಟ್ಟಿಗಿಂತ ಹೆಚ್ಚಾಗಿ ಪೆಟ್ಟಿನ ಹಿಂದಿನ ಆ ಅರೆಕ್ಷಣದಲ್ಲಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಬ್ಯಾಂಡೋನಿಯನ್ ನಮ್ಮ ಹಾರ್ಮೋನಿಯಂನ ದೂರದ ನೆಂಟ: ಅದೇ ತಿದಿ, ಅದೇ ಲೋಹದ ರೀಡುಗಳು. ಜರ್ಮನಿಯಲ್ಲಿ ಹುಟ್ಟಿದ ಈ ವಾದ್ಯದಲ್ಲಿ, ಟ್ಯಾಂಗೋದವರು ಬಳಸುವ ಮಾದರಿಗೆ 71 ಗುಂಡಿಗಳಿದ್ದು, ತಿದಿ ಹಿಗ್ಗಿಸಿದಾಗ ಒಂದು ಸ್ವರ ಕೊಡುವ ಗುಂಡಿ ಕುಗ್ಗಿಸಿದಾಗ ಸಾಮಾನ್ಯವಾಗಿ ಬೇರೊಂದು ಸ್ವರ ಕೊಡುತ್ತದೆ. (ಕಲಿಯುವವರ ಪಾಡನ್ನು ನೆನೆದರೆ ಕನಿಕರವಾಗುತ್ತದೆ.) ಹಲವು ಬ್ಯಾಂಡೋನಿಯನ್‌ಗಳು ಒಟ್ಟಿಗೆ ತಿದಿ ಎಳೆದಾಗ ಹೊಮ್ಮುವ ನಾದದಲ್ಲಿ ಏದುಸಿರಿನ ಗುಣವಿದೆ. ಆ ಗದ್ದಲ ತಗ್ಗಿದಾಗ ಪಿಟೀಲೊಂದು ಒಂಟಿಯಾಗಿ ಹಾಡತೊಡಗುತ್ತದೆ. ಹಿಂದೆ ‘ಯುಂ-ಬಾ’ ಮತ್ತೆ ಯಾವಾಗ ಎದ್ದೀತೋ ಎಂದು ಕಿವಿ ಕಾಯುತ್ತಲೇ ಇರುತ್ತದೆ.

ಪುಗ್ಲಿಯೆಸೆ ಕಮ್ಯುನಿಸ್ಟರು, ವೃಂದವನ್ನು ಸಹಕಾರ ಸಂಘದಂತೆ ನಡೆಸಿ ಗಳಿಕೆಯನ್ನು ಎಲ್ಲರೊಡನೆ ಹಂಚಿಕೊಂಡವರು. ಅವರು ಸೆರೆಯಲ್ಲಿದ್ದಾಗ ಪಿಯಾನೋದ ಮೇಲೆ ಕೆಂಪು ಕಾರ್ನೇಷನ್ ಹೂವಿಟ್ಟು ಉಳಿದವರು ಕಛೇರಿ ನಡೆಸುತ್ತಿದ್ದರು. ಒಬ್ಬರೂ ಮುಂದೆ ಜಾರದೆ ಎಲ್ಲರೂ ಒಂದೇ ಎಳೆತಕ್ಕೆ ಹೆಗಲು ಕೊಡುವ ಈ ನುಡಿಸಾಣಿಕೆಯಲ್ಲಿ ಆ ಒಗ್ಗಟ್ಟೇ ನನಗೆ ಕೇಳಿಸುತ್ತದೆ. ಇದು ಕೇಳುಗನ ಕಲ್ಪನೆಯೆಂದು ಯಾರಾದರೂ ತಳ್ಳಿಹಾಕಿದರೆ ಜಗಳವಾಡಲಾರೆ.

1985ರಲ್ಲಿ, ಎಂಬತ್ತರ ವಯಸ್ಸಿನಲ್ಲಿ, ಅವರು ಇದನ್ನು ತಮ್ಮ ಊರಿನ ಕೊಲೊನ್ ರಂಗಮಂದಿರದಲ್ಲಿ ನುಡಿಸಿದ ಧ್ವನಿಮುದ್ರಣವೂ ಸಿಗುತ್ತದೆ. ಅದರಲ್ಲಿ ನಾದ ಸ್ವಚ್ಛ, ಸಭೆಯ ಸಂಭ್ರಮ ಅಪಾರ. ಆದರೂ ನಾನು ಮರಳುವುದು ಕರಕರ ಸದ್ದಿನ ಹಳೆಯ ತಟ್ಟೆಗೇ.